ಎಂಜಲು ಗಾಳಿ

ನಮ್ಮ ಸೋದರತ್ತೆ ಪಿಳ್ಳಮ್ಮ ಹಲಸೂರಿನ ಸೋಮೇಶ್ವರನ ಗುಡಿಗೆ ಹೋದರೆ ಒಂದು ಚಪ್ಪಲಿಯನ್ನು ಬಾಗಿಲ ಬಳಿ ಬಿಟ್ಟು ಇನ್ನೊಂದನ್ನು ದೂರದ ಹೂವಿನಂಗಡಿಯ ಪಕ್ಕದಲ್ಲಿ ಬಿಡುತ್ತಿದ್ದಳು. ಒಂಟಿ ಚಪ್ಪಲಿ ಕದ್ದು ಕಳ್ಳ ಏನು ಮಾಡಿಯಾನು ಎಂಬುದು ಅವಳ ವಾದ. ಹಾಲಿನವನು ಮನೆ ಮುಂದೆ ಎಮ್ಮೆ ತಂದು ನಿಲ್ಲಿಸಿದರೆ, ಮೊದಲು ಅವನ ಚೊಂಬನ್ನು ಬೋರಲು ಹಾಕಿಸಿ, ತಳದಲ್ಲಿ ನೀರಿಲ್ಲವೆಂದು ಕಣ್ಣಾರೆ ಕಂಡು, ಆಮೇಲೆ ಕರೆಯಲು ಬಿಡುತ್ತಿದ್ದಳು. ಮನೆಗೆ ಬೀಗ ಹಾಕಿ ಜಗ್ಗಿ ನೋಡಿ ಬೀದಿಯ ತಿರುವಿನವರೆಗೆ ಹೋದವಳು ಮತ್ತೆ ಬಂದು ಜಗ್ಗುತ್ತಿದ್ದಳು. ತನ್ನ ನೆರಳನ್ನೂ ನಂಬದವಳು ಎಂದು ನಮ್ಮಪ್ಪ ಚುಡಾಯಿಸಿದರೆ, "ನೆರಳು ಮಧ್ಯಾಹ್ನಕ್ಕೇ ಕೈ ಬಿಡುತ್ತೆ, ಅದನ್ನ ಯಾಕೆ ನಂಬ್ಲಿ?" ಎನ್ನುತ್ತಿದ್ದಳು.

ಈ ಕಥೆ ಹೇಳುತ್ತಿರುವ ನಾನೂ ಅದೇ ವಂಶದವನು. ಅತ್ತೆ ಹೇಳಿದ್ದನ್ನೆಲ್ಲ ಹಾಗೆ ಹಾಗೇ ನುಂಗಿದವನಲ್ಲ. ಅವಳು ಕೆಲಸಕ್ಕಿದ್ದ ಮನೆಗೆ ಬರುತ್ತಿದ್ದ ಮೆಕ್ಯಾನಿಕ್ ಮಂಜೂರನನ್ನು ಕೇಳಿದ್ದೇನೆ, ಆ ಮನೆಯ ಮಗಳು ಸುರಯ್ಯಾ ಅವರನ್ನೂ ಕೇಳಿದ್ದೇನೆ. ಮೂವರ ಮಾತೂ ತಾಳೆಯಾದಷ್ಟನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಯಾರನ್ನೂ ನಂಬದ ಈ ಹೆಂಗಸನ್ನು ಒಂದು ಮನೆಯವರು ಮಾತ್ರ ಕಣ್ಣುಮುಚ್ಚಿ ನಂಬಿದ್ದರು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬಟ್ಟೆಯ ಅಂಗಡಿ ಇಟ್ಟಿದ್ದ ಜಿಯಾವುಲ್ಲಾ ಸಾಹೇಬರ ಮನೆ ಅದು. ಫ್ರೇಜರ್ ಟೌನಿನಲ್ಲಿ ರಸ್ತೆಗೇ ಮುಖ ಮಾಡಿದ ದೊಡ್ಡ ಬಂಗಲೆ. ಮುಂದುಗಡೆ ಗಂಡಸರು ಕೂರುವ ಬೈಠಕ್ ಕೋಣೆ, ಹಿಂದುಗಡೆ ಹೆಂಗಸರ ಒಳಮನೆ, ನಡುವೆ ದಪ್ಪ ಪರದೆ. ಅಂಗಡಿಯ ಗುಮಾಸ್ತರು, ನೆಂಟರ ಪೈಕಿ ಗಂಡಸರು ಪರದೆಯ ಈಚೆಗೇ ನಿಲ್ಲಬೇಕು. ಸಾಹೇಬರ ಹೆಂಡತಿ ಬದ್ರುನ್ನೀಸಾ ಬೇಗಂ, ಮಗಳು ಸುರಯ್ಯಾ ಪರದೆಯ ಆಚೆಗೇ ಇರಬೇಕು. ಸಾಹೇಬರನ್ನು ಬಿಟ್ಟರೆ ಎರಡೂ ಕಡೆ ಕಾಲಿಡುವ ಸ್ವಾತಂತ್ರ್ಯ ಇದ್ದದ್ದು ನಮ್ಮತ್ತೆಗೆ ಮಾತ್ರ. ಪಾನ್ ತಟ್ಟೆ ಹಿಡಿದು ಬೈಠಕ್ಕಿಗೂ ಹೋಗುತ್ತಿದ್ದಳು, ಬೇಗಂ ತಲೆಗೆ ಎಣ್ಣೆ ಹಚ್ಚುತ್ತಾ ಒಳಮನೆಯಲ್ಲೂ ಕೂರುತ್ತಿದ್ದಳು.

ಅಂಥ ಜಾಗದಲ್ಲಿ ಉಳಿಯುವುದು ಸುಲಭವಲ್ಲ. ಆಚೆಯ ಒಂದು ಮಾತು ಈಚೆಗೆ ಬಿದ್ದರೆ ಮುಗಿಯಿತು. ಅತ್ತೆ ಕೂದಲು ಕಪ್ಪಿದ್ದಾಗ ಆ ಮನೆ ಸೇರಿದವಳು. ಬಿಳಿಯಾಗುವವರೆಗೂ ಒಂದು ಮಾತನ್ನೂ ದಾಟಿಸಿರಲಿಲ್ಲ. ಹಲಸೂರಿನ ನಮ್ಮ ಮನೆಯಲ್ಲೂ ಅಲ್ಲಿಯ ಸುದ್ದಿ ಎತ್ತುತ್ತಿರಲಿಲ್ಲ. ಸಣ್ಣ ವಯಸ್ಸಿಗೇ ಗಂಡ ಹೋದ, ಮಕ್ಕಳಿಲ್ಲದ, ತಮ್ಮನ ಮನೆಯ ಒಂದು ಮೂಲೆಯಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದ ಆ ಹೆಂಗಸಿಗೆ ಸ್ವಂತದ್ದು ಅಂತ ಇದ್ದದ್ದು ಅದೊಂದೇ ಹೆಸರು. ಪಿಳ್ಳಮ್ಮನ ಬಾಯಿಂದ ಮಾತು ಹೊರಬೀಳುವುದಿಲ್ಲ ಎಂಬ ಹೆಸರು.

ಆ ಹೆಸರಿಗೆ ಸಂಚಕಾರ ತಂದದ್ದು ಒಂದು ತಂಪಿನ ಯಂತ್ರ.

ಬೆಂಗಳೂರಿಗೆ ತಂಪಿನ ಯಂತ್ರವೇ ಎಂದು ನೀವು ನಗಬಹುದು. ಆಗಿನ ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳಲ್ಲೂ ಸಂಜೆಯ ಹೊತ್ತು ಹಲಸೂರು ಕೆರೆಯ ಏರಿಯ ಮೇಲೆ ನಡೆದರೆ ಸೆರಗು ಹೊದೆಯಬೇಕಿತ್ತು. ಆದರೆ ಸಾಹೇಬರಿಗೆ ದಮ್ಮಿನ ಕಾಯಿಲೆ. ಎದುರಿನ ರಸ್ತೆಯಲ್ಲಿ ದಿನವಿಡೀ ಜಟಕಾ, ಲಾರಿ, ಕುದುರೆ ಲದ್ದಿಯ ಪುಡಿ. ಧೂಳು ಒಳಗೆ ಬರದ ಹಾಗೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಅದೂ ಅಲ್ಲದೆ ಸಾಹೇಬರು ಬೊಂಬಾಯಿಗೆ ಹೋದಾಗ ತಣ್ಣನೆಯ ಗಾಳಿ ಬಿಡುವ ಸಿನಿಮಾ ಮಂದಿರದಲ್ಲಿ ಕೂತು ಬಂದಿದ್ದರು. ಸಿನಿಮಾ ಯಾವುದೆಂದು ಅವರಿಗೆ ನೆನಪಿರಲಿಲ್ಲ, ಗಾಳಿ ನೆನಪಿತ್ತು. ಯುದ್ಧ ಮುಗಿದು ಪರದೇಶದ ಸೋಲ್ಜರುಗಳು ಹೊರಟುಹೋದ ಮೇಲೆ ವಿಮಾನಪುರದ ಕಡೆ ಅವರು ಬಿಟ್ಟುಹೋದ ಸಾಮಾನೆಲ್ಲ ಹರಾಜಾಯಿತು. ಜನ ಜೀಪು ಕೊಂಡರು, ಬೂಟು ಕೊಂಡರು, ಡೇರೆ ಬಟ್ಟೆ ಕೊಂಡರು. ನಮ್ಮ ಸಾಹೇಬರು ಬೀರುವಿಗಿಂತ ದೊಡ್ಡದಾದ ಕಬ್ಬಿಣದ ಡಬ್ಬವೊಂದನ್ನು ಲಾರಿಯಲ್ಲಿ ಹೇರಿಸಿಕೊಂಡು ಬಂದರು.

ಯಂತ್ರದ ಜೊತೆಗೆ ಬಂದವನು ಮಂಜೂರ್. ಯುದ್ಧದ ಕಾಲದಲ್ಲಿ ಅಂಥದೇ ಯಂತ್ರಗಳ ಹತ್ತಿರ ಕೆಲಸ ಮಾಡಿದ್ದ ಮೆಕ್ಯಾನಿಕ್. ಅವನು ಹಿತ್ತಿಲಿನ ಷೆಡ್ಡಿನಲ್ಲಿ ಡಬ್ಬವನ್ನು ಕೂರಿಸಿ, ಚಾವಣಿಯ ಕೆಳಗೆ ಮನೆ ಉದ್ದಕ್ಕೂ ತಗಡಿನ ಕೊಳವೆ ಹಾಯಿಸಿ, ಪ್ರತಿ ಕೋಣೆಯ ಗೋಡೆಯಲ್ಲೂ ಮೇಲುಗಡೆ ಒಂದು ಜಾಲರಿ ಇಟ್ಟ. ಇಂಥದ್ದನ್ನು ಕಂಡು ನಮ್ಮತ್ತೆ ಸುಮ್ಮನಿರುವವಳೇ?

"ಇದ್ರ ಗಾಳಿ ಎಲ್ಲಿಂದ ಬರುತ್ತಪ್ಪಾ?" ಎಂದು ಕೇಳಿದಳು.

"ಮನೇದೇ ಗಾಳಿ ಅಕ್ಕಾ. ಒಂದು ಕೊಳವೇಲಿ ತಣ್ಣಗಿರೋದು ರೂಮಿಗೆ ಹೋಗುತ್ತೆ, ಇನ್ನೊಂದ್ರಲ್ಲಿ ರೂಮಿಂದು ವಾಪಸ್ ಬರುತ್ತೆ. ಫಿಲ್ಟರಲ್ಲಿ ಧೂಳೆಲ್ಲ ನಿಂತ್ಕೊಳುತ್ತೆ. ಮತ್ತೆ ತಣ್ಣಗಾಗಿ ಹೋಗುತ್ತೆ."

"ಅಂದ್ರೆ ಸಾಹೇಬ್ರು ಬಿಟ್ಟ ಉಸಿರನ್ನೇ ಅಮ್ಮಾವ್ರು ಎಳ್ಕೊಬೇಕು. ಅಮ್ಮಾವ್ರು ಬಿಟ್ಟಿದ್ದು ನಾನು ಎಳ್ಕೊಬೇಕು."

"ತೊಳ್ದಿರೋ ಗಾಳಿ ಅಕ್ಕಾ ಅದು."

"ತೊಳೆದ್ರೂ ಎಂಜಲು ಎಂಜಲೇ. ಬೈಠಕ್ಕಿಗೆ ಯಾರ್ಯಾರು ಬರ್ತಾರೋ, ಏನೇನು ಕಾಯಿಲೇನೋ."

ಅಂದಿನಿಂದ ಅವಳು ಅದಕ್ಕೆ ಇಟ್ಟ ಹೆಸರು ಎಂಜಲು ಗಾಳಿ. ಮೂಗಿಗೆ ಸೆರಗು ಕಟ್ಟಿಕೊಂಡೇ ಒಳಗೆ ಓಡಾಡಿದಳು.

ಹಾಗಂತ ಅದರ ಉಪಯೋಗವನ್ನು ಕಾಣದಷ್ಟು ಕುರುಡಿಯಲ್ಲ. ಕಿಟಕಿ ಮುಚ್ಚಿದ ಮೇಲೆ ಮೇಜಿನ ಮೇಲೆ ಬೆರಳಿಟ್ಟರೆ ಧೂಳು ಹತ್ತುತ್ತಿರಲಿಲ್ಲ. ಮಾವಿನಹಣ್ಣು ಹೆಚ್ಚಿಟ್ಟರೂ ನೊಣ ಬರಲಿಲ್ಲ. ಸೊಳ್ಳೆ ಪರದೆ ಕಟ್ಟುವ ಕೆಲಸ ತಪ್ಪಿತು. ಮಳೆಗಾಲದಲ್ಲಿ ಬೇಗಂ ಅವರ ಜರತಾರಿ ದುಪಟ್ಟಾಗಳಿಗೆ ಮುಗ್ಗಲು ವಾಸನೆ ಹಿಡಿಯಲಿಲ್ಲ. ಹುರಿದಿಟ್ಟ ಹಪ್ಪಳ ಮೆತ್ತಗಾಗಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಸಾಹೇಬರು ಮಲಗಿ ನಿದ್ದೆ ಮಾಡಿದರು. ಅದಕ್ಕೆ ಮುಂಚೆ ದಿಂಬಿಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದ ಮನುಷ್ಯ. ಇದನ್ನೆಲ್ಲ ಅತ್ತೆ ಒಪ್ಪಿದಳು. ಆದರೆ ಇಷ್ಟು ಒಳ್ಳೆಯದನ್ನು ಮಾಡುವ ವಸ್ತು ಬದಲಿಗೆ ಏನನ್ನೋ ಕಸಿದುಕೊಳ್ಳದೆ ಇರುವುದಿಲ್ಲ ಎಂಬ ಗುಮಾನಿ ಅವಳಿಗೆ ಹೋಗಲಿಲ್ಲ.

ಯಂತ್ರಕ್ಕೆ ವಾರಕ್ಕೊಮ್ಮೆ ಉಪಚಾರ ಬೇಕಿತ್ತು. ಶುಕ್ರವಾರ ಬೆಳಿಗ್ಗೆ ಮಂಜೂರ್ ಬಂದು ಅದನ್ನು ನಿಲ್ಲಿಸಿ, ಹೊಟ್ಟೆ ಬಿಚ್ಚಿ, ಫಿಲ್ಟರನ್ನು ಹೊರಗೆಳೆಯುತ್ತಿದ್ದ. ಬಾಗಿಲಗಲದ ತಂತಿ ಬಲೆಯ ಚೌಕಟ್ಟು ಅದು. ಅತ್ತೆಯ ಬಾಯಲ್ಲಿ 'ಜರಡಿ'. ಸೋಡಾ ಹಾಕಿದ ಬಿಸಿನೀರಿನಲ್ಲಿ ಅದನ್ನು ತೊಳೆದು ಬಿಸಿಲಿಗೆ ಒರಗಿಸಬೇಕು. ಅದು ಒಣಗುವಷ್ಟರಲ್ಲಿ ಬೆಲ್ಟು ಬಿಗಿ ಮಾಡಬೇಕು, ಮೋಟಾರಿಗೆ ಎಣ್ಣೆ ಬಿಡಬೇಕು, ನೀರು ತೊಟ್ಟಿಕ್ಕುವ ತಟ್ಟೆಯ ಪಾಚಿ ತೆಗೆಯಬೇಕು, ಕೊಳಾಯಿಯ ಸಂದುಗಳಿಗೆಲ್ಲ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕು. ಗುಳ್ಳೆ ಎದ್ದರೆ ಗ್ಯಾಸು ಸೋರುತ್ತಿದೆ ಎಂದರ್ಥ. ಜಾಲರಿಗಳ ಮುಂದೆ ಬೀರು, ಬಟ್ಟೆ ಏನೂ ಅಡ್ಡ ಇಡಕೂಡದು. ಇದಿಷ್ಟನ್ನು ತಪ್ಪಿಸಿದರೆ ಯಂತ್ರ ಮುನಿಸಿಕೊಳ್ಳುತ್ತದೆ ಎನ್ನುತ್ತಿದ್ದ ಮಂಜೂರ್. ಮೊದಲ ಸಲ ಜರಡಿ ಹೊರಗೆ ಬಂದಾಗ ಅತ್ತೆ ಅಲ್ಲೇ ನಿಂತಿದ್ದಳು. ಒಲೆಯ ಹಿಂದಿನ ಗೋಡೆಯಷ್ಟು ಕಪ್ಪಾಗಿತ್ತು ಅದು.

"ಇಷ್ಟು ಹೊಲಸು ಮುಂಚೆ ಎಲ್ಲಿಗೆ ಹೋಗ್ತಿತ್ತು?"

"ನಿಮ್ಮೆಲ್ಲರ ಎದೆ ಒಳಕ್ಕೆ," ಎಂದ ಮಂಜೂರ್.

ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವವಳು ಕಣ್ಣಾರೆ ಕಂಡಿದ್ದಳು. ಮೂಗಿನ ಸೆರಗು ಕೆಳಗಿಳಿಯಿತು. ಹೆಸರು ಮಾತ್ರ ಎಂಜಲು ಗಾಳಿ ಎಂದೇ ಉಳಿಯಿತು.

ಶುಕ್ರವಾರವನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಅಂದು ಸಾಹೇಬರ ಅಂಗಡಿಗೆ ರಜೆ, ಕೆಲಸ ನಡೆಯುವಾಗ ಅವರು ಮನೆಯಲ್ಲಿರುತ್ತಾರೆ. ಮಂಜೂರ್ ಜರಡಿಯನ್ನು ಬಿಸಿಲಿಗಿಟ್ಟು ಮಸೀದಿಗೆ ಹೋಗಿ, ಹಾಗೇ ಮನೆಗೆ ಹೋಗಿ ಊಟ ಮುಗಿಸಿ, ಸಂಜೆಗೆ ಬಂದು ಯಂತ್ರವನ್ನು ಮತ್ತೆ ಶುರು ಮಾಡುತ್ತಿದ್ದ. ಸಾಹೇಬರೂ ನಮಾಜಿನಿಂದ ಬಂದು, ಉಂಡು, ಬೈಠಕ್ಕಿನ ಬೆತ್ತದ ಆರಾಮಕುರ್ಚಿಯಲ್ಲಿ ಒರಗುತ್ತಿದ್ದರು. ಅದೇ ಹೊತ್ತಿಗೆ ಒಳಮನೆಯಲ್ಲಿ ಬೇಗಂ ತೀರಿಕೊಂಡ ತಾಯಿಯ ಹೆಸರಿನಲ್ಲಿ ಜಪಮಣಿ ಎಣಿಸಲು ಕೂರುತ್ತಿದ್ದರು. ಅದು ಅವರ ಬಹುಕಾಲದ ಪದ್ಧತಿ. ಮಣಿ ಮುಗಿಯುವವರೆಗೆ ಚಾಪೆಯಿಂದ ಏಳುವುದಿಲ್ಲ, ಯಾರೊಡನೆಯೂ ಮಾತಿಲ್ಲ. ಮುಗಿದ ಮೇಲೆ ಬಾಗಿಲು ಹಾಕಿಕೊಂಡು, ಪಾನ್ ಮಡಚುತ್ತಾ, ಸುರಯ್ಯಾಳ ಜೊತೆ, ಅತ್ತೆಯ ಜೊತೆ ವಾರದ ಸುಖದುಃಖವೆಲ್ಲ ಹೊರಗೆ ಬರುತ್ತಿತ್ತು.

ಒಂದು ಶುಕ್ರವಾರ ಬೇಗಂ ಊಟ ಬಡಿಸುವಾಗ ಸಾಹೇಬರಿಗೆ ಹೇಳಿದರು: "ಮಿಷನ್ ನಿಲ್ಸಿದ ದಿನ ಆ ಜಾಲರಿಯಿಂದ ಯಾರೋ ಗೊರಕೆ ಹೊಡೆದ ಹಾಗೆ ಕೇಳುತ್ತೆ." ಸಾಹೇಬರ ತುತ್ತು ಒಂದು ಗಳಿಗೆ ನಿಂತಿತು. "ಕೊಳಾಯೀಲಿ ನೀರಿನ ಸದ್ದು ಅದು," ಎಂದು ಅವರೇ ಹೇಳಿದರು, ಮಂಜೂರನನ್ನು ಕೇಳುವ ಗೋಜಿಗೂ ಹೋಗಲಿಲ್ಲ. ಮುಂದಿನ ವಾರದಿಂದ ಗೊರಕೆ ಕೇಳಿಸಲಿಲ್ಲ. ನೀರು ಸರಿಹೋಯಿತು ಎಂದುಕೊಂಡರು ಎಲ್ಲರೂ. ನಮ್ಮತ್ತೆಯೂ ಹಾಗೇ ಅಂದುಕೊಂಡಳು. ಜಗತ್ತಿನ ಮೇಲೆಲ್ಲ ಅನುಮಾನ ಪಟ್ಟವಳು ಅದೊಂದನ್ನು ಬಿಟ್ಟುಬಿಟ್ಟಳು.

ಆಮೇಲೆ ಶುರುವಾಯಿತು ನೋಡಿ. ಸಾಹೇಬರ ಗಡ್ಡದ ಗೋರಂಟಿ ಬಣ್ಣ ಅತಿಯಾಯಿತು ಎಂದು ಬೇಗಂ ಮಗಳೊಡನೆ ನಕ್ಕಿದ್ದರು. ಮರುದಿನವೇ ಸಾಹೇಬರು ಬಣ್ಣ ತೆಳುವಾಗಿ ಹಚ್ಚಿಸಿಕೊಂಡು ಬಂದರು. ತಮ್ಮ ಅತ್ತಿಗೆಯ ಮನೆಯ ಬಿರಿಯಾನಿ ಸಪ್ಪೆ ಎಂದು ಬೇಗಂ ಒಳಗೆ ಆಡಿದ ಮಾತು ಭಾನುವಾರ ಸಾಹೇಬರ ಬಾಯಲ್ಲಿ ತಮಾಷೆಯಾಗಿ ಬಂತು. ಬೇಗಂ ಹುಬ್ಬು ಗಂಟಿಕ್ಕಿ ಅತ್ತೆಯ ಕಡೆ ನೋಡಿದರು. ಮಾತು ಪರದೆ ದಾಟಿದೆ. ಪರದೆ ದಾಟುವವಳು ಒಬ್ಬಳೇ.

ಕೆಟ್ಟದ್ದು ಬೇವಿನ ಸೊಪ್ಪಿನ ವಿಷಯದಲ್ಲಿ.

ಸುರಯ್ಯಾಗೆ ವಾಣಿಯಂಬಾಡಿಯ ಒಂದು ಮನೆತನದಲ್ಲಿ ಗಂಡು ನೋಡಿದ್ದರು. ಹುಡುಗ ಒಳ್ಳೆಯವನೇ. ಆದರೆ ಆ ಕಡೆಯ ಹೆಂಗಸರು ಹೆಣ್ಣು ನೋಡಲು ಬರುವುದು, ಮದುವೆಯ ದಿನ ಗೊತ್ತು ಮಾಡುವುದು ಎಲ್ಲ ಮೆಟ್ರಿಕ್ ಪರೀಕ್ಷೆಯ ಹೊತ್ತಿಗೇ ಬೀಳುತ್ತಿತ್ತು. ಪರೀಕ್ಷೆ ಬರೆದೇ ಹೋಗುತ್ತೇನೆ ಎಂದು ಹುಡುಗಿ ಅತ್ತಳು. ಬರೆಸಿಯೇ ಕಳಿಸುತ್ತೇನೆ ಎಂದು ತಾಯಿ ಮಾತು ಕೊಟ್ಟರು. ಸಾಹೇಬರ ಹತ್ತಿರ ನೇರವಾಗಿ ಹೇಳಿದರೆ ಜಗಳ. ಆದ್ದರಿಂದ ಒಂದು ಶುಕ್ರವಾರ ಮೂವರೂ ಕೂತು ಉಪಾಯ ಹೂಡಿದರು: ಅವರು ಬರುವ ಹೊತ್ತಿಗೆ ಸುರಯ್ಯಾಗೆ ಮೈಮೇಲೆ ಸಿಡುಬಿನ ಅಮ್ಮ ಎದ್ದಿದೆ ಎಂದು ಸುದ್ದಿ ಕಳಿಸುವುದು, ಅತ್ತೆ ಹಲಸೂರಿನಿಂದ ಬೇವಿನ ಸೊಪ್ಪು ತಂದು ಬಾಗಿಲಿಗೆ ಕಟ್ಟುವುದು. ಬೇವು ಕಂಡ ಮೇಲೆ ಯಾರೂ ಹೊಸ್ತಿಲು ದಾಟುವುದಿಲ್ಲ. ಪರೀಕ್ಷೆ ಮುಗಿಯುತ್ತದೆ.

ಮಾರನೆಯ ಬೆಳಿಗ್ಗೆ ಸಾಹೇಬರು ಚಹಾದ ಬಟ್ಟಲು ಕೆಳಗಿಟ್ಟು ಹೇಳಿದ್ದು ಇಷ್ಟು: "ವಾಣಿಯಂಬಾಡಿಯವ್ರಿಗೆ ಬರೋ ವಾರಾನೇ ಬನ್ನಿ ಅಂತ ತಂತಿ ಕೊಟ್ಟಿದ್ದೀನಿ. ಬೇವಿನ ಸೊಪ್ಪೇನೂ ತರಿಸ್ಬೇಡಿ."

ಬೇಗಂ ಕೂಗಾಡಲಿಲ್ಲ. ಕೂಗಾಡಿದ್ದರೆ ಅತ್ತೆಗೆ ಅಷ್ಟು ನೋಯುತ್ತಿರಲಿಲ್ಲವೇನೋ. ಬೀರುವಿನ ಬೀಗದಕೈ ಗೊಂಚಲನ್ನು ಅತ್ತೆಯ ಸೊಂಟದಿಂದ ಬಿಚ್ಚಿಸಿಕೊಂಡು, ಮುಖ ನೋಡದೆ ಹೇಳಿದರು.

"ಪಿಳ್ಳಮ್ಮಾ, ಇನ್ಮೇಲೆ ನೀನು ಒಳಗೆ ಬರೋದು ಬೇಡ. ಹಿಂದ್ಗಡೆ ಪಾತ್ರೆ ಪಗಡ ನೋಡ್ಕೊ. ತಿಂಗಳು ಮುಗಿದ್ಮೇಲೆ ಬೇರೆ ಹೆಂಗಸು ಬರ್ತಾಳೆ."

"ಅಮ್ಮಾವ್ರೆ, ನಾನು..."

"ಬೇಡ. ಹೇಳ್ಬೇಡ."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆಯನ್ನು ಅತ್ತೆ ಬೇರೆಯವರ ಬಾಯಲ್ಲಿ ತನ್ನ ಬಗ್ಗೆ ಕೇಳಿದ್ದಳು. ಈಗ ಹಳದಿಯಾಗಿ ಕಾಣುವ ಸರದಿ ಅವಳದಾಯಿತು. ಬಾಣಲೆ ಉಜ್ಜುತ್ತಾ ಅಳುತ್ತಿದ್ದಳಂತೆ. ಕರ್ಪೂರ ಹಚ್ಚಿ ಆಣೆ ಮಾಡಲೇ ಎಂದು ಯೋಚಿಸಿದಳು. ಆದರೆ ಹಾಲಿನವನು ದೇವರಾಣೆ ಇಟ್ಟಾಗ ತಾನು ಒಂದು ದಿನವಾದರೂ ನಂಬಿದ್ದುಂಟೇ? ಮನಸ್ಸಿನಲ್ಲೇ ಒಬ್ಬೊಬ್ಬರನ್ನೂ ಹಿಡಿದು ವಿಚಾರಣೆ ಮಾಡಿದಳು. ಮಂಜೂರ್ ಒಳಮನೆಯ ಹತ್ತಿರವೂ ಸುಳಿಯುವುದಿಲ್ಲ. ಸುರಯ್ಯಾ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಳ್ಳುವುದಿಲ್ಲ. ಉಳಿದವಳು ತಾನೇ. ಒಂದು ರಾತ್ರಿ ನಿದ್ದೆಯಲ್ಲಿ ಏನಾದರೂ ಬಡಬಡಿಸಿದೆನೇ ಎಂದು ನಮ್ಮಪ್ಪನನ್ನು ಕೇಳಿದಳಂತೆ. ತನ್ನ ಮೇಲೇ ಅನುಮಾನ ಬರುವ ಮಟ್ಟಕ್ಕೆ ಹೋಗಿತ್ತು.

ವಾಣಿಯಂಬಾಡಿಯವರು ಬಂದರು, ಹೆಣ್ಣು ಒಪ್ಪಿದರು, ಮದುವೆಯ ದಿನದ ಮಾತು ಪರೀಕ್ಷೆಗೆ ಮುಂಚಿನ ವಾರದ ಸುತ್ತ ತಿರುಗತೊಡಗಿತು. ಸುರಯ್ಯಾ ಪುಸ್ತಕ ಮುಚ್ಚಿಟ್ಟಳು. ಆಮೇಲಿನ ಶುಕ್ರವಾರ ಅತ್ತೆ ಹಿತ್ತಿಲಿನಲ್ಲಿದ್ದಳು. ಮಂಜೂರ್ ಮಸೀದಿಗೆ ಹೊರಡುವಾಗ ಜರಡಿಯನ್ನು ಅವಳಿಗೆ ಒಪ್ಪಿಸಿ ಹೋಗಿದ್ದ. ಅವಳು ಅದನ್ನು ತೊಳೆದು, ಬಿಸಿಲಿಗಿಟ್ಟು, ಒಣಗಿತೇ ನೋಡಿ, ಷೆಡ್ಡಿನೊಳಗೆ ತಂದು ಒರಗಿಸಿದಳು. ಯಂತ್ರದ ಹೊಟ್ಟೆ ತೆರೆದೇ ಇತ್ತು.

ಒಳಗಿನಿಂದ ಟಿಕ್ ಟಿಕ್ ಎಂದು ಸದ್ದು ಬಂತು. ಕಿವಿಗೊಟ್ಟಳು. ಜಪಮಣಿಯ ಸದ್ದು. ಹಿಂದೆಯೇ ಪಿಸುಪಿಸು. ಅತ್ತೆಗೆ ಮೊದಲು ಹೊಳೆದದ್ದು ಪೀಡೆ, ಪಿಶಾಚಿ. ಆದರೆ ಪಿಶಾಚಿಯನ್ನೂ ಅವಳು ಸುಲಭಕ್ಕೆ ನಂಬುವವಳಲ್ಲ. ನಿಂತಳು. ಮಣಿ ನಿಂತಿತು, ಬಾಗಿಲು ಮುಚ್ಚಿದ ಸದ್ದಾಯಿತು, ಆಮೇಲೆ ಬೇಗಂ ಅವರ ದನಿ ದಖ್ಖನಿ ಉರ್ದುವಿನಲ್ಲಿ ಸ್ಪಷ್ಟವಾಗಿ ಕೇಳಿತು: ಎಷ್ಟು ವರ್ಷ ಅನ್ನ ಹಾಕಿದೆ, ಆ ಪಿಳ್ಳಮ್ಮ ನನ್ನ ಮಗಳ ಬಾಳಿಗೇ ಮಣ್ಣು ಹಾಕಿದಳು.

ಅತ್ತೆಗೆ ಆ ಭಾಷೆ ತನ್ನ ಭಾಷೆಯಷ್ಟೇ ಬರುತ್ತಿತ್ತು. ಬರದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಹೇಳುತ್ತಿದ್ದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಆಗ ಅದೇ ಡಬ್ಬದಿಂದ ಇನ್ನೊಂದು ಸದ್ದು ಬಂತು. ಬೆತ್ತದ ಕುರ್ಚಿ ಕಿರುಗುಟ್ಟಿತು. ದಮ್ಮಿನ ಎದೆಯ ಒಣ ಕೆಮ್ಮನ್ನು ಯಾರೋ ಅರ್ಧಕ್ಕೇ ನುಂಗಿಕೊಂಡ ಹಾಗಾಯಿತು.

ಅತ್ತೆಯ ಅಳು ನಿಂತಿತು. ಅನುಮಾನ ಎಂಬುದು ಅವಳಿಗೆ ಮರಳಿ ಬಂತು. ಯಂತ್ರ ಓಡುವಾಗ ಅದರ ಗುಂಯ್ ಸದ್ದಿನಲ್ಲಿ ಯಾವ ಮಾತೂ ಕೇಳಿಸುವುದಿಲ್ಲ. ನಿಂತ ದಿನ ಈ ಕೊಳವೆಗಳು ಖಾಲಿ. ಒಳಮನೆಯ ಮಾತು ಇಲ್ಲಿಗೆ ಬರುತ್ತದೆಂದರೆ ಬೈಠಕ್ಕಿಗೂ ಹೋಗುತ್ತದೆ. ನೀರಿನ ಸದ್ದಂತೆ, ಗೊರಕೆಯಂತೆ! ಗೊರಕೆ ಯಾಕೆ ನಿಂತಿತು? ಮಲಗುವವನು ಮಲಗುವುದನ್ನು ಬಿಟ್ಟು ಕಿವಿಗೊಟ್ಟು ಕೂತದ್ದರಿಂದ ನಿಂತಿತು.

ಸೆರಗಿಗೆ ಕೈ ಒರೆಸಿಕೊಂಡು, ನೀರಿನ ಹೂಜಿ ಇಡುವ ನೆಪದಲ್ಲಿ ಹೊರಗಿನ ಬಾಗಿಲಿಂದ ಬೈಠಕ್ಕಿಗೆ ಹೋದಳು. ಎಂದೂ ಕಿಟಕಿಯ ಪಕ್ಕದಲ್ಲಿರುತ್ತಿದ್ದ ಆರಾಮಕುರ್ಚಿ ಈಗ ಗೋಡೆಗೆ ಒತ್ತಿಕೊಂಡು, ನೇರ ಜಾಲರಿಯ ಕೆಳಗಿತ್ತು. ಜಮಖಾನದ ಮೇಲೆ ಹಳೆಯ ಜಾಗದಲ್ಲಿ ಕುರ್ಚಿಕಾಲಿನ ಗುಂಡಿಗಳು ಹಾಗೇ ಇದ್ದವು. ಸಾಹೇಬರು ಕಣ್ಣು ಮುಚ್ಚಿದ್ದರು. ಗೊರಕೆ ಇಲ್ಲ.

ಈಗ ಏನು ಮಾಡಬೇಕು? ಬೇಗಂ ಹತ್ತಿರ ಓಡಿ, ನಿಮ್ಮ ಯಜಮಾನರು ಕದ್ದು ಕೇಳುತ್ತಾರೆ ಎನ್ನಬಹುದಿತ್ತು. ಆದರೆ ಹಾಗೆ ಹೇಳಿದರೆ ಅವಳು ಜೀವಮಾನದಲ್ಲಿ ಮೊದಲ ಸಲ ಈಚೆಯ ಮಾತನ್ನು ಆಚೆಗೆ ದಾಟಿಸಿದಂತಾಗುತ್ತಿತ್ತು. ಚಾಡಿ ಹೇಳಲಿಲ್ಲ ಎಂದು ತೋರಿಸಲು ಚಾಡಿ ಹೇಳಬೇಕು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು. ಹೇಳಿದರೂ ನಂಬುವವರು ಯಾರು? ಆ ವಾರವೆಲ್ಲ ಊಟ ಸೇರಲಿಲ್ಲ. ಏನಾಯಿತು ಎಂದು ನಮ್ಮಪ್ಪ ಕೇಳಿದರೆ, "ಆ ಮನೆ ವಿಷ್ಯ, ನಿಂಗ್ಯಾಕೆ" ಎಂದಳು. ಅಷ್ಟಾದರೂ ಬಾಯಿ ಬಿಡಲಿಲ್ಲ ನೋಡಿ.

ಮುಂದಿನ ಶುಕ್ರವಾರ ಬಂತು. ತಿಂಗಳ ಕೊನೆಯ ಶುಕ್ರವಾರ. ಯಂತ್ರ ನಿಂತಿತು, ಮಂಜೂರ್ ಹೋದ, ಸಾಹೇಬರು ನಮಾಜು ಮುಗಿಸಿ ಬಂದು ಉಂಡು ಒರಗಿದರು. ಅತ್ತೆ ಷೆಡ್ಡಿನಲ್ಲಿ ಡಬ್ಬಕ್ಕೆ ಕಿವಿಯಿಟ್ಟು, ಜಪಮಣಿಯ ಸದ್ದು ಶುರುವಾಗುವವರೆಗೆ ಕಾದಳು. ಮಣಿ ಹಿಡಿದ ಬೇಗಂ ಏಳುವುದಿಲ್ಲ, ಮಾತಾಡುವುದಿಲ್ಲ, ಕಿವಿ ಮಾತ್ರ ತೆರೆದಿರುತ್ತದೆ. ಅವಳಿಗೆ ಬೇಕಾದದ್ದು ಅಷ್ಟೇ. ಎದ್ದು ಬೈಠಕ್ಕಿಗೆ ಹೋದಳು.

"ಸಾಹೇಬ್ರೆ, ಒಂದು ಮಾತು ಕೇಳ್ಬೇಕಿತ್ತು."

ಸಾಹೇಬರು ಕಣ್ಣು ಬಿಟ್ಟು ಮೊದಲು ನೋಡಿದ್ದು ಮೇಲಿನ ಜಾಲರಿಯನ್ನು. ಅತ್ತೆಯ ಕೊನೆಯ ಅನುಮಾನವೂ ಅಲ್ಲಿಗೆ ತೀರಿತು.

"ಏನು? ಮೆಲ್ಲಗೆ ಹೇಳು," ಎಂದು ಪಿಸುಗುಟ್ಟಿದರು.

"ಮೆಲ್ಲಗೆ ಮಾತಾಡೋಕೆ ಬರಲ್ಲ ಸಾಹೇಬ್ರೆ, ಹಲಸೂರು ಸಂತೇಲಿ ಬೆಳೆದೋಳು. ಒಳಮನೆ ಮಾತು ಒಂದಾದ್ರೂ ನಾನು ನಿಮ್ಮ ಕಿವಿಗೆ ಹಾಕಿದ್ದೀನಾ?"

ಸಾಹೇಬರು ಇಲ್ಲವೆಂದು ತಲೆಯಾಡಿಸಿದರು.

"ಕಣ್ಣು ಮಂಜು ನಂಗೆ, ಏನಂದ್ರೋ ಕಾಣ್ಲಿಲ್ಲ."

"ಇಲ್ಲ."

"ಕಿವೀನೂ ಮಂದ ಆಗಿದೆ ಸಾಹೇಬ್ರೆ. ಬೇವಿನ ಸೊಪ್ಪಿನ ವಿಷ್ಯ ನಾನು ಹೇಳಿದ್ನಾ?"

ದಮ್ಮಿನವರಿಗೆ ಕೋಪ ಬಂದರೆ ಹಿಡಿತ ಇರುವುದಿಲ್ಲ. ಸಾಹೇಬರ ದನಿ ಏರಿತು. "ಇಲ್ಲ ಅಂದ್ನಲ್ಲ! ನೀನು ಹೇಳ್ಲಿಲ್ಲ. ಯಾವತ್ತೂ ಏನೂ ಹೇಳಿಲ್ಲ. ಅವ್ಳು ನೀನೇ ಅಂತ ಅಂದ್ಕೊಂಡ್ರೆ ಅಂದ್ಕೊಳ್ಲಿ ಬಿಡು. ನಿನ್ನನ್ನ ನಮ್ಮ ಅಂಗಡಿ ಕೆಲಸಕ್ಕೆ ಇಟ್ಕೋತೀನಿ. ನಿಂಗೇನು ಕಮ್ಮಿ ಆಗುತ್ತೆ?"

"ನಂಗೇನು ಕಮ್ಮಿ ಆಗುತ್ತೆ ಅಂತ ನಿಮ್ಗೆ ಗೊತ್ತಿಲ್ವಾ ಸಾಹೇಬ್ರೆ?" ಎಂದಳು ಅತ್ತೆ. ಈ ಮಾತನ್ನು ಮಾತ್ರ ಅವಳು ಮೆಲ್ಲಗೇ ಆಡಿದಳು.

ಸಾಹೇಬರ ಕಣ್ಣು ಮತ್ತೆ ಜಾಲರಿಯ ಕಡೆ ಹೋಯಿತು. ಆಗ ಇಬ್ಬರಿಗೂ ಒಂದು ವಿಷಯ ತಿಳಿಯಿತು. ಮೇಲಿನ ಜಾಲರಿಯಿಂದ ಬರುತ್ತಿದ್ದ ಮಣಿಯ ಸದ್ದು ನಿಂತುಹೋಗಿತ್ತು. ಮುಗಿಯುವ ಹೊತ್ತಾಗಿರಲಿಲ್ಲ.

"ಸುರಯ್ಯಾನ ಅಬ್ಬಾ," ಎಂದಿತು ಜಾಲರಿ. ಬೇಗಂ ಎಂದೂ ಗಂಡನನ್ನು ಹೆಸರು ಹಿಡಿದು ಕರೆದವರಲ್ಲ. ದನಿಯಲ್ಲಿ ಏರಿಳಿತವಿರಲಿಲ್ಲ. "ಪಿಳ್ಳಮ್ಮನ್ನ ಒಳಗೆ ಕಳ್ಸಿ. ನಾನು ಅವಳ ಹತ್ರ ತಪ್ಪಾಯ್ತು ಅನ್ಬೇಕು. ನೀವು ಎದ್ದು ಬರೋದು ಬೇಡ. ಅಲ್ಲಿಗೇ ಎಲ್ಲಾ ಕೇಳ್ಸುತ್ತಲ್ಲ."

ಆ ಮನುಷ್ಯನ ಮೇಲೆ ನನಗೆ ಕೋಪವಿದೆ. ಒಬ್ಬ ಬಡ ಹೆಂಗಸಿನ ಮಾನ ಹೋಗುತ್ತಿರುವಾಗ ತನ್ನ ಕಳ್ಳಗಿವಿಯನ್ನು ಮುಚ್ಚಿಟ್ಟುಕೊಳ್ಳಲು ಬಾಯಿ ಮುಚ್ಚಿ ಕೂತವನು. ಆದರೆ ಅತ್ತೆ ಅವರನ್ನು ಬೈಯಲು ನನಗೆ ಬಿಡುತ್ತಿರಲಿಲ್ಲ. ಮನೆ ಅವರದೇ, ಆದರೆ ಅವರು ಒಳಗೆ ಕಾಲಿಟ್ಟ ಕೂಡಲೇ ಎಲ್ಲರ ಮಾತೂ ನಗೆಯೂ ನಿಂತುಬಿಡುತ್ತಿತ್ತಂತೆ. ಹೆಂಡತಿ, ಮಗಳು ನಗುವುದನ್ನು ಅವರು ಮೊದಲು ಕೇಳಿದ್ದೇ ಆ ಜಾಲರಿಯಲ್ಲಂತೆ. ಇರಬಹುದು. ನನ್ನ ಕೋಪ ಪೂರ್ತಿ ಇಳಿದಿಲ್ಲ.

ಮುಂದೆ ನಡೆದದ್ದು ಇಷ್ಟು. ಯಂತ್ರದ ಉಪಚಾರವನ್ನು ಬೇರೆ ದಿನಕ್ಕೆ ಹಾಕೋಣ ಎಂದರು ಸಾಹೇಬರು. ಶುಕ್ರವಾರವೇ ಇರಲಿ ಎಂದರು ಬೇಗಂ. ಪ್ರತಿ ಶುಕ್ರವಾರ ಜಪ ಮುಗಿದ ಮೇಲೆ ಗಂಡನಿಗೆ ತಿಳಿಯಬೇಕಾದದ್ದನ್ನೆಲ್ಲ ಅವರು ಜಾಲರಿಯ ಕಡೆ ಮುಖ ಮಾಡಿ, ಬಿಡಿಸಿ ಬಿಡಿಸಿ ಮಗಳಿಗೆ ಹೇಳುತ್ತಿದ್ದರು. ಸಾಹೇಬರು ಎದುರಾಡುವಂತಿರಲಿಲ್ಲ; ಎದುರಾಡಿದರೆ ಈಗಲೂ ಕದ್ದು ಕೇಳುತ್ತಿದ್ದೇನೆ ಎಂದು ಒಪ್ಪಿದಂತೆ. ಸುರಯ್ಯಾ ಪರೀಕ್ಷೆ ಬರೆದಳು. ಮದುವೆ ಆಮೇಲೆ ಆಯಿತು.

ಆದರೆ ಅತ್ತೆ ಮುದುಕಿಯಾದ ಮೇಲೆ ಮತ್ತೆ ಮತ್ತೆ ಹೇಳುತ್ತಿದ್ದದ್ದು ಇದನ್ನಲ್ಲ. ಆ ದಿನ ಅವಳು ಒಳಗೆ ಹೋದಾಗ ಬೇಗಂ ಇನ್ನೂ ಚಾಪೆಯ ಮೇಲೇ ಕೂತಿದ್ದರು. ಮುಖವೆಲ್ಲ ನೀರಾಗಿತ್ತು. ಬೀಗದಕೈ ಗೊಂಚಲನ್ನು ಅತ್ತೆಯ ಕೈಗೆ ತುರುಕಿ, ಆ ಕೈಯನ್ನು ಬಿಡದೆ ಕೇಳಿದರು.

"ನಾನಲ್ಲ ಅಂತ ಅವತ್ತೇ ಯಾಕೆ ಗಟ್ಟಿಯಾಗಿ ಹೇಳ್ಲಿಲ್ಲ, ಪಿಳ್ಳಮ್ಮಾ?"

"ಹೇಳಿದ್ರೆ ನಂಬ್ತಿದ್ರಾ ಅಮ್ಮಾವ್ರೆ?"

ಬೇಗಂ ಈ ಸಲ ಅತ್ತೆಯ ಮುಖ ನೋಡಿದರು.

"ಇಲ್ಲ," ಎಂದರು. "ನಂಬ್ತಿರ್ಲಿಲ್ಲ."

"ನಿಮ್ಮ ಜಾಗದಲ್ಲಿದ್ರೆ ನಾನೂ ನಂಬ್ತಿರ್ಲಿಲ್ಲ," ಎಂದಳು ಅತ್ತೆ, ಮತ್ತು ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಂಬ್ತಿದ್ದೆ ಅಂತ ಬಾಯಿಮಾತಿಗೆ ಅಂದಿದ್ರೆ, ಬೀಗದಕೈ ಅಲ್ಲೇ ಇಟ್ಟು ಬಂದ್ಬಿಡ್ತಿದ್ದೆ ಕಣೋ," ಎಂದು ನನಗೆ ಹೇಳುತ್ತಿದ್ದಳು. "ಇಲ್ಲ ಅಂದ್ರು ನೋಡು. ಅದಕ್ಕೇ ಉಳ್ಕೊಂಡೆ."